ಕೊನೆಯ ಅಧ್ಯಾಯ ಬಿಡದ ಬಾಯಿಯವರು

ಬಾಯಿಯವರಿಗೆ ಹಟ ಬಹಳ ಎಂದು ಹುಮನಾಬಾದಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡಾಗ ಕಾಲೇಜಿನವರು ಒಂದು ಸಂತಾಪ ಸಭೆ ಮಾಡಿದರು. ಅಲ್ಲಿ ಮಾತಾಡಿದವರೂ ಅದನ್ನೇ ಹೇಳಿದರು. ಮೊದಲೆಲ್ಲ ದೂರುವಂತೆ ಹೇಳುತ್ತಿದ್ದ ಮಾತನ್ನು ಅವತ್ತು ಹೊಗಳುವಂತೆ ಹೇಳಿದರು, ಅಷ್ಟೇ ವ್ಯತ್ಯಾಸ. ಯಾವುದಕ್ಕಾಗಿ ಹಟ, ಯಾರ ಎದುರು ಹಟ ಎಂದು ಯಾರೂ ಬಿಡಿಸಿ ಹೇಳಲಿಲ್ಲ. ನನಗೆ ಗೊತ್ತಿತ್ತು. ಆದರೆ ಟೈಪಿಂಗ್ ಕ್ಲಾಸಿನ ಹೆಂಗಸನ್ನು ವೇದಿಕೆಗೆ ಕರೆಯುವುದು ಯಾರಿಗೂ ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಹೆಣ್ಣು ಶಿಕ್ಷಕರನ್ನು ನಮ್ಮ ಕಡೆ ಬಾಯಿಯವರು ಎನ್ನುತ್ತೇವೆ. ಊರಿಗೆಲ್ಲ ಅವರು ಬಾಯಿಯವರೇ ಆಗಿದ್ದರು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನನ್ನ ಟೈಪಿಂಗ್ ಕ್ಲಾಸು, ಹಿಂದೆ ಬಾಡಿಗೆಗೆ ಕೊಡುವ ಒಂದು ಖೋಲಿ. ಒಂದು ಮಧ್ಯಾಹ್ನ ಬಿಳಿ ಸೀರೆಯ, ಕಪ್ಪಗೆ ಎತ್ತರವಾದ ಒಬ್ಬ ಹೆಂಗಸು ಕಬ್ಬಿಣದ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತರು. ಕಾಲೇಜಿಗೆ ಗಣಿತ ಕಲಿಸಲು ಬಂದಿದ್ದೇನೆ, ಖೋಲಿ ಬೇಕು ಎಂದರು. ನಮ್ಮತ್ತೆ ಒಳಗಿನಿಂದ ಬಂದು ಮೇಲಿಂದ ಕೆಳಗೆ ನೋಡಿ, "ಯಾವ ಊರವ್ವಾ? ಯಾರ ಪೈಕಿ?" ಎಂದು ಕೇಳಿದರು.

"ಕೊಹಿನೂರ್ರಿ, ಕಲ್ಯಾಣ ತಾಲ್ಲೂಕು. ನಾವು ಬೌದ್ಧರು. ನಮ್ಮಪ್ಪ ಮಂದಿ ಹೊಲದಾಗ ಕೂಲಿ ಮಾಡ್ತಾರ. ಮೊದಲೇ ಹೇಳ್ತೀನಿ, ಆಮ್ಯಾಲ ನನ್ನ ಪೆಟ್ಟಿಗಿ ಹೊರಗ ಇಡೂದು ಬ್ಯಾಡ. ಇವತ್ತ ಮುಂಜಾನಿಂದ ಈ ಪೆಟ್ಟಿಗಿ ಹೊತ್ತು ಬಹಳ ಮನಿ ನೋಡೇನಿ."

ಅತ್ತೆ ಆ ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಹಿತ್ತಲ ಕಡೆ ಕೈ ಮಾಡಿ, "ಬಾವಿ ಆಳದ. ನೀರು ಜಗ್ಗಾಕ ಬರ್ತದೇನು?" ಎಂದರು.

"ಬರ್ತದ್ರಿ."

"ಹಂಗಾದ್ರ ಪೆಟ್ಟಿಗಿ ಒಳಗ ಇಡು."

ಖೋಲಿಯ ಮಾತು, ಬಾವಿಯ ಮಾತು ಎರಡೂ ಒಟ್ಟಿಗೇ ಮುಗಿದವು. ಓಣಿಯಲ್ಲಿ ಕೆಲವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಅತ್ತೆ ಅದರ ಬಗ್ಗೆ ಮಾತೇ ಎತ್ತಲಿಲ್ಲ.

ಬಾಯಿಯವರ ಮನೆಮಾತು ಮರಾಠಿ. ಶಾಲೆಯಲ್ಲಿ ಅಕ್ಷರ ಕಲಿತದ್ದು ಉರ್ದುವಿನಲ್ಲಿ. ಕೆಳಗಿನ ಇಯತ್ತೆಯಲ್ಲಿದ್ದಾಗಲೇ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಶಾಲೆ ಕನ್ನಡವಾಯಿತು, ಅದೇ ಸುಮಾರಿಗೆ ಅವರ ಮನೆಯವರು ಬುದ್ಧನ ಧರ್ಮ ಹಿಡಿದರು. "ನೋಡು ತಂಗಿ, ಶಾಲಿ ಬದಲಾತು, ಭಾಷಾ ಬದಲಾತು, ಧರ್ಮ ಬದಲಾತು, ಕಲ್ಯಾಣದ ಹೆಸರು ಸುದ್ದಾ ಬದಲಾತು. ಏಳೆಂಟ್ಲೆ ಐವತ್ತಾರು ಮಾತ್ರ ಬದಲಾಗಲಿಲ್ಲ. ನಾ ಅದನ್ನ ಹಿಡಕೊಂಡು ಕುಂತೆ" ಎಂದು ಒಮ್ಮೆ ನನಗೆ ಹೇಳಿದ್ದರು. ಕೊನೆಯತನಕ ಅವರು ಲೆಕ್ಕ ಎಣಿಸುತ್ತಿದ್ದದ್ದು ಮರಾಠಿಯಲ್ಲಿ, ಬೈಯುತ್ತಿದ್ದದ್ದು ಉರ್ದುವಿನಲ್ಲಿ, ಪಾಠ ಹೇಳುತ್ತಿದ್ದದ್ದು ಕನ್ನಡದಲ್ಲಿ.

ಅವರ ಕ್ಲಾಸಿನಲ್ಲಿ ಒಂದು ಅಪಾಯವಿತ್ತು. ಯಾರಾದರೂ "ತಿಳೀತ್ರಿ" ಎಂದರೆ ಮುಗಿಯಿತು, "ಹಂಗಾದ್ರ ಬಾ, ನನಗ ತಿಳಿಸಿ ಹೇಳು" ಎಂದು ಸೀಮೆಸುಣ್ಣದ ಖಡು ಕೈಗೆ ಕೊಟ್ಟು, ತಾವು ಹೋಗಿ ಹುಡುಗರ ಬೆಂಚಿನಲ್ಲಿ ಕೂರುತ್ತಿದ್ದರು. ರಸ್ತೆಯಲ್ಲಿ ನಡೆಯುವಾಗ ಏನಾದರೂ ಹೊಳೆದರೆ ಹೊಳೆದಲ್ಲೇ ನಿಂತುಬಿಡುತ್ತಿದ್ದರು. ಸೋಲಾಪುರದ ಲಾರಿಗಳು ಹಾರ್ನು ಹೊಡೆದು ಸುತ್ತಿ ಹೋಗುತ್ತಿದ್ದವು.

ಅವರು ಬಂದು ಕೆಲವು ವರ್ಷಗಳಾದ ಮೇಲೆ ಒಂದು ದಿನ ಕಾಗದದ ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟರು. ಡಾಕ್ಟರೇಟಿಗೆಂದು ಬರೆಯುತ್ತಿದ್ದ ಪ್ರಬಂಧ. ಇಂಗ್ಲಿಷ್ ಅಕ್ಷರ ನಾನು ಹೊಡೆಯಬೇಕು. ಗಣಿತದ ಚಿಹ್ನೆಗಳು ನನ್ನ ಯಂತ್ರದಲ್ಲಿ ಇಲ್ಲದ್ದರಿಂದ ಅಷ್ಟು ಜಾಗ ಖಾಲಿ ಬಿಡಬೇಕು, ಅಲ್ಲಿ ಅವರು ಪೆನ್ನಿನಿಂದ ಬರೆಯುತ್ತಾರೆ. ನಾನು ಒಂದೆರಡು ಹಾಳೆ ಹೊಡೆದು ನಿಲ್ಲಿಸಿದೆ.

"ಬಾಯಾರ, ಏನು ಹೊಡ್ಯಾಕತ್ತೀನಿ ಅಂತ ಗೊತ್ತಿಲ್ಲದೆ ಕೈ ಓಡವಲ್ದು. ಇದು ಏನಂತ ಹೇಳ್ರಿ."

ಅವರಿಗೆ ಇದು ಬಹಳ ಸೇರಿತು. ಕುರ್ಚಿ ಎಳೆದು ಕುಳಿತರು. ಸೂರ್ಯ ತನ್ನ ಕಡೆ ಎಳೆಯುತ್ತಾನೆ, ಭೂಮಿ ತನ್ನ ಕಡೆ ಎಳೆಯುತ್ತದೆ. ನಡುವೆ ಒಂದು ಜಾಗವಿದೆ, ಅಲ್ಲಿ ಈ ಎಳೆತಗಳೂ ಸುತ್ತುವ ವೇಗವೂ ಸರಿದೂಗುತ್ತವೆ. ಅಲ್ಲಿ ಒಂದು ನೌಕೆ ಇಟ್ಟರೆ ಅದು ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತುತ್ತದೆ, ಹಗಲೂ ರಾತ್ರಿ ಸೂರ್ಯನನ್ನು ನೋಡುತ್ತ ಇರಬಹುದು. ಆದರೆ ಆ ಜಾಗ ಭದ್ರವಾದದ್ದಲ್ಲ.

"ಭದ್ರ ಅಲ್ಲ ಅಂದ್ರ?"

ಅವರು ಎದ್ದು ಹೊರಗೆ ನೋಡಿದರು. ಎದುರು ಮನೆಯಲ್ಲಿ ಮದುವೆಯ ಮೆರವಣಿಗೆಗೆ ಕುದುರೆ ಕೊಡುವ ಚಾಚಾ ಒಬ್ಬರಿದ್ದರು. ಅವರ ಕುದುರೆಯ ಜೀನು ಕಟ್ಟೆಯ ಮೇಲೆ ಬಿಸಿಲಿಗೆ ಒಣಗುತ್ತಿತ್ತು. ಬಾಯಿಯವರು ಅತ್ತೆಯ ಬುಟ್ಟಿಯಿಂದ ಒಂದು ಲಿಂಬೆಹಣ್ಣು ತೆಗೆದುಕೊಂಡು ಅಲ್ಲಿಗೆ ನಡೆದರು. ಜೀನಿನ ನಟ್ಟನಡುವೆ ಹಣ್ಣಿಟ್ಟು ಮುಂದಕ್ಕೆ ಮೆಲ್ಲಗೆ ದೂಡಿದರು. ಅದು ಮುಂದಿನ ಏರನ್ನು ಹತ್ತಿ ತಿರುಗಿ ನಡುವಿಗೆ ಬಂತು.

"ಹಿಂದ ಮುಂದ ಹೋದ್ರ ತಿರುಗಿ ಬರ್ತದ. ಈಗ ನೋಡು." ಪಕ್ಕಕ್ಕೆ ಉಗುರಿನ ತುದಿ ತಾಗಿಸಿದರು. ಹಣ್ಣು ಜಾರಿ ಕಟ್ಟೆಗೆ ಬಿದ್ದು ಉರುಳಿತು. "ಆ ಜಾಗಾನೂ ಹಿಂಗೇ. ಒಂದು ದಿಕ್ಕಿನಾಗ ಹಿಡಿತದ, ಇನ್ನೊಂದು ದಿಕ್ಕಿನಾಗ ಬಿಡ್ತದ. ಎಲ್ಲರೂ ಕೇಳೂದು ಬೀಳದಂಗ ಹಿಡಿಯೂದು ಹ್ಯಾಂಗ ಅಂತ. ನಾ ಕೇಳಾಕತ್ತಿದ್ದು, ಬಿದ್ರ ಎಲ್ಲಿಗೆ ಹೋಗ್ತದ?"

ಚಾಚಾ ಒಳಗಿನಿಂದ ಬಂದು ಜೀನು, ಲಿಂಬೆಹಣ್ಣು, ಬಾಯಿಯವರು ಮೂರನ್ನೂ ನೋಡಿದರು. "ಯಾರದು ಶಾದೀರಿ ಬಾಯಾರ?" ಎಂದು ಮುಖ ಅರಳಿಸಿ ಕೇಳಿದರು.

"ಯಾರದೂ ಇಲ್ಲ ಚಾಚಾ. ಲೆಕ್ಕ ಮಾಡಾಕತ್ತೀನಿ."

ಅವತ್ತಿನಿಂದ ನನ್ನ ಕೈ ಓಡಿತು.

ಅವರ ಲೆಕ್ಕ ಕೈಯಲ್ಲಿ ಮುಗಿಯುವಂಥದ್ದಲ್ಲ. ನೌಕೆ ಈ ಗಳಿಗೆ ಇಲ್ಲಿದ್ದರೆ ಮುಂದಿನ ಗಳಿಗೆ ಎಲ್ಲಿ, ಅದರ ಮುಂದಿನ ಗಳಿಗೆ ಎಲ್ಲಿ ಎಂದು ಹೆಜ್ಜೆ ಹೆಜ್ಜೆಯಾಗಿ ಎಣಿಸುತ್ತ ಹೋಗಬೇಕು. ಅದಕ್ಕೆ ಕಂಪ್ಯೂಟರು ಬೇಕು. ಆಗ ನಮಗೆ ಹತ್ತಿರದ್ದೆಂದರೆ ಹೈದರಾಬಾದಿನದು. ಲೆಕ್ಕದ ಸೂಚನೆಗಳನ್ನು ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆಸಿ, ಪೆಟ್ಟಿಗೆ ತುಂಬ ಒಯ್ದು ಯಂತ್ರಕ್ಕೆ ತಿನ್ನಿಸಬೇಕು. ರಜೆ ಸಿಕ್ಕಾಗಲೆಲ್ಲ ಬಾಯಿಯವರು ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಒಬ್ಬಳೇ ಹೆಣ್ಣು ಅಷ್ಟು ದೂರ ಹೋಗುವುದು ಬೇಡವೆಂದು ಕೊಹಿನೂರಿನಿಂದ ಅವರ ತಾಯಿ ಬಂದು ಜೊತೆಗೆ ಹೋಗುತ್ತಿದ್ದರು. ಓದು ಬರಹ ಬಾರದ ಆ ಆಯಿ ಒಂದು ಪೆಟ್ಟಿಗೆಯನ್ನು ಬಾಣಂತಿ ಕೂಸನ್ನಿಟ್ಟುಕೊಳ್ಳುವಂತೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು.

ಒಮ್ಮೆ ನಾನೂ ಹೋಗಿದ್ದೆ, ಟೈಪ್ ಯಂತ್ರಕ್ಕೆ ರಿಬ್ಬನ್ ತರಬೇಕಿತ್ತು. ಜಹೀರಾಬಾದ್ ದಾಟಿದ ಮೇಲೆ ರಸ್ತೆಗೆ ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕು ಒತ್ತಿದ ರಭಸಕ್ಕೆ ಬಾಯಿಯವರ ಕೈಯಲ್ಲಿದ್ದ ಪೆಟ್ಟಿಗೆ ಹಾರಿ ಬಾಯಿ ಬಿಚ್ಚಿತು. ಕಾರ್ಡುಗಳು ಬಸ್ಸಿನ ತುಂಬ ಚೆಲ್ಲಾಡಿದವು. ಒಂದಿಷ್ಟು ಜನರ ಕಾಲ ಕೆಳಗೆ, ಒಂದಿಷ್ಟು ಮೆಣಸಿನಕಾಯಿ ಚೀಲದ ಮೇಲೆ, ಕೆಲವು ತೆರೆದ ಬಾಗಿಲಿನಿಂದ ಹೊರಗೆ.

"ಗಾಡಿ ತೆಗೀಬ್ಯಾಡ್ರಿ!" ಎಂದು ಬಾಯಿಯವರು ಕೂಗಿದ ದನಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಕಂಡಕ್ಟರ್ ಗೊಣಗಿದ. "ಹಳೇ ಕಾಗದ ಅವ ಬಿಡ್ರಿ ಬಾಯಿ, ನಮಗ ಟೈಮ್ ಆಗ್ಯದ."

ಆಯಿ ಎದ್ದು ನಿಂತು ಅವನಿಗೆ ಅಂದರು: "ಹಳೇ ಕಾಗದ ಅಲ್ಲೋ ಅಪ್ಪಾ, ನನ್ನ ಮಗಳ ದುಡಿಮಿ. ಒಂದು ತುಳಿದಿ ಅಂದ್ರ ನೋಡು."

ಇಡೀ ಬಸ್ಸು ಬಗ್ಗಿತು. ದನದ ವ್ಯಾಪಾರಿಗಳು, ಮಗು ಎತ್ತಿಕೊಂಡ ಹೆಂಗಸರು, ಮುದುಕರು ಎಲ್ಲರೂ ಆರಿಸಿ ಆರಿಸಿ ಕೊಟ್ಟರು. ಡ್ರೈವರೇ ಇಳಿದು ರಸ್ತೆಯ ಮೇಲಿದ್ದವನ್ನು ಧೂಳು ಝಾಡಿಸಿ ತಂದ. ಕಾರ್ಡುಗಳೇನೋ ಸಿಕ್ಕವು, ಸರದಿ ಮಾತ್ರ ಪೂರಾ ಕಲಸಿಹೋಗಿತ್ತು. ಒಂದು ಕಾರ್ಡು ಹಿಂದುಮುಂದಾದರೂ ಯಂತ್ರಕ್ಕೆ ಲೆಕ್ಕ ತಿಳಿಯುವುದಿಲ್ಲ. ಹೈದರಾಬಾದಿನಲ್ಲಿ ಅವರಿಗೆ ಕೊಟ್ಟಿದ್ದ ಸಮಯ ತಪ್ಪಿತು. ಮುಂದಿನ ತಿಂಗಳು ಬನ್ನಿ ಎಂದ ಅಲ್ಲಿಯ ಗುಮಾಸ್ತ. "ನಾಳೆ ಬರ್ತೀನಿ, ಯಾರಾದ್ರೂ ತಪ್ಪಿಸಿದ್ರ ಅವರ ಜಾಗಾ ನಂದು" ಎಂದು ಬಾಯಿಯವರು ಉರ್ದುವಿನಲ್ಲಿ ಹೇಳಿ, ಅದೇ ವರಾಂಡದ ನೆಲದ ಮೇಲೆ ಕುಳಿತು ಕಾರ್ಡು ಹೊಂದಿಸತೊಡಗಿದರು. ಮರುದಿನ ಯಾರೋ ಒಬ್ಬರು ಬರಲಿಲ್ಲ. ಬಾಯಿಯವರ ಲೆಕ್ಕ ಓಡಿತು. ಆಮೇಲೆ ಅವರು ಕಾರ್ಡಿನ ಕಟ್ಟಿನ ನೆತ್ತಿಯ ಮೇಲೆ ಕೆಂಪು ಶಾಯಿಯಿಂದ ಓರೆಯಾಗಿ ಒಂದು ಗೆರೆ ಎಳೆದರು. ಇನ್ನೊಮ್ಮೆ ಬಿದ್ದರೆ ಗೆರೆ ಕೂಡುವಂತೆ ಜೋಡಿಸಿದರಾಯಿತು, ಸರದಿ ಸಿಗುತ್ತದೆ. "ಬೀಳಲ್ಲ ಅಂತ ನಂಬಿ ಕುಂತಿದ್ದೆ. ಅದು ನನ್ನ ಗಲತಿ" ಎಂದರು.

ಪ್ರಬಂಧ ಮುಗಿದು, ನಾನು ಟೈಪು ಮಾಡಿ, ಅವರು ಚಿಹ್ನೆ ತುಂಬಿ, ಬೈಂಡು ಹೊಲಿಸಿ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದಾಯಿತು. ಬಹಳ ತಿಂಗಳ ಮೇಲೆ ಅವರ ಮಾರ್ಗದರ್ಶಕರೇ ನಮ್ಮ ಊರಿಗೆ ಬಂದರು. ಒಳ್ಳೆಯ ಮನುಷ್ಯ, ಮೆತ್ತಗಿನ ಮಾತು. ಬಾಯಿಯವರ ಖೋಲಿಯಲ್ಲಿ ಕೂರಲು ಜಾಗವಿಲ್ಲದೆ ನನ್ನ ಕ್ಲಾಸಿನಲ್ಲೇ ಕೂತರು. ನಾನು ಚಹಾ ತಂದುಕೊಟ್ಟೆ.

ಒಬ್ಬ ಪರೀಕ್ಷಕರು ಪ್ರಬಂಧವನ್ನು ವಾಪಸ್ ಕಳಿಸಿದ್ದರು. ಕೊನೆಯ ಅಧ್ಯಾಯದಲ್ಲಿ ಎರಡು ನೌಕೆಗಳನ್ನು ಹೆಚ್ಚುಕಡಿಮೆ ಒಂದೇ ಜಾಗದಿಂದ ಬಿಟ್ಟಿದೆ, ಕೂದಲೆಳೆಯ ಅಂತರ. ಆದರೆ ಒಂದು ಭೂಮಿಯ ಕಡೆ ಬಂದಿದೆ, ಇನ್ನೊಂದು ಸೂರ್ಯನ ಕಡೆ ಹೋಗಿದೆ. ಇದು ಕಂಪ್ಯೂಟರಿನ ಲೆಕ್ಕದಲ್ಲಿ ಆದ ತಪ್ಪು ಎಂದು ಅವರ ಅಭಿಪ್ರಾಯ.

"ಆ ಅಧ್ಯಾಯ ತೆಗೆದುಬಿಡ್ರಿ" ಎಂದರು ಮಾರ್ಗದರ್ಶಕರು. "ಉಳಿದ ಅಧ್ಯಾಯ ಎಲ್ಲರಿಗೂ ಒಪ್ಪಿಗಿ ಅವ. ಎರಡು ತಿಂಗಳಾಗ ಡಿಗ್ರಿ ಬರ್ತದ."

ಬಾಯಿಯವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಡಾಕ್ಟರೇಟ್ ಇದ್ದವರನ್ನು ಮೊದಲು ಕಾಯಂ ಮಾಡುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು. ಇದು ನನಗೂ ಗೊತ್ತಿತ್ತು, ಎದುರಿಗೆ ಕೂತವರಿಗೂ ಗೊತ್ತಿತ್ತು.

"ಸರ್, ಅದು ಗಲತ್ ಅಲ್ಲ. ಆ ಜಾಗದ ಗುಣಾನೇ ಹಂಗದ."

"ನನಗೂ ಹಂಗೇ ಅನಿಸ್ತದ್ರಿ. ಆದ್ರ ಅನಿಸೂದು ಬ್ಯಾರೆ, ತೋರಿಸಿಕೊಡೂದು ಬ್ಯಾರೆ. ಮತ್ತ ಒಂದೆರಡು ವರ್ಷ ಹೋಗ್ತಾವ. ನೌಕರಿ ಹೋದ್ರ?"

"ಅಧ್ಯಾಯ ತೆಗೆದ್ರ, ನನ್ನ ಲೆಕ್ಕ ತಪ್ಪಿತ್ತು ಅಂತ ನಾನೇ ಬರಕೊಟ್ಟಂಗ ಆಗ್ತದ ಸರ್. ತೋರಿಸ್ತೀನಿ."

ಮಾರ್ಗದರ್ಶಕರು ಚಹಾ ಮುಗಿಸಿ ಎದ್ದರು. ಹೋಗುವಾಗ ನನ್ನ ಕಡೆ ತಿರುಗಿ, "ಇವರಿಗೆ ನೀವಾದ್ರೂ ಹೇಳ್ರವ್ವಾ" ಎಂದರು. ನಾನು ಹೇಳಲಿಲ್ಲ. ಆದರೆ ಬಾಯಿಯವರು ಆ ಸಂಜೆ ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟುಕೊಂಡು ನೀರು ಜಗ್ಗದೆ ಬಹಳ ಹೊತ್ತು ಕೂತಿದ್ದರು. ಹತ್ತಿರ ಹೋದೆ. ಕಣ್ಣು ಕೆಂಪಾಗಿದ್ದವು.

"ಆಯಿಗೆ ಏನಂತ ಹೇಳ್ಲಿ ತಂಗಿ? ಊರಾಗ ಎಲ್ಲರಿಗೂ ನನ್ನ ಮಗಳು ಡಾಕ್ಟರ್ ಆಗ್ತಾಳಂತ ಹೇಳ್ಯಾಳ."

ಆಯಿ ಮುಂದಿನ ವಾರ ಬಂದಾಗ ಎಲ್ಲವನ್ನೂ ಕೇಳಿಸಿಕೊಂಡರು. ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ನಿನ್ನ ಲೆಕ್ಕ ಖರೆ ಅದನೋ ಇಲ್ಲೋ?"

"ಖರೆ ಅದ ಆಯಿ."

"ಮತ್ತ ಅಳೂದ್ಯಾಕ? ಪೆಟ್ಟಿಗಿ ತಾ."

ಆ ಮುಂದಿನ ಕಾಲ ಸುಲಭದ್ದಾಗಿರಲಿಲ್ಲ. ಪ್ರಿನ್ಸಿಪಾಲರು ರಜೆ ಕೊಡುವುದನ್ನು ನಿಲ್ಲಿಸಿದರು. ಬಾಯಿಯವರು ಭಾನುವಾರಗಳನ್ನು ಹಿಡಿದರು, ದಸರಾ ದೀಪಾವಳಿ ಹಿಡಿದರು. ಅವರಿಗಿಂತ ತಡವಾಗಿ ಸೇರಿದ ಒಬ್ಬರು ಅವರಿಗಿಂತ ಮುಂಚೆ ಕಾಯಂ ಆದರು. ಕಾಲೇಜಿನ ವರಾಂಡದಲ್ಲಿ ಒಬ್ಬರು, "ಬಾಯಾರ, ಸೂರ್ಯನ ಹತ್ರ ಯಾವಾಗ ಹೋಗ್ತೀರಿ?" ಎಂದು ನಗುತ್ತ ಕೇಳಿದರೆ, ಇವರು ನಗದೆ, "ದಾರಿ ಹುಡುಕಾಕತ್ತೀನ್ರಿ" ಎನ್ನುತ್ತಿದ್ದರು.

ಅವರು ಮಾಡಿದ್ದು ಇಷ್ಟು. ಅದೇ ಲೆಕ್ಕವನ್ನು ಬೇರೆ ಬೇರೆ ರೀತಿಯಲ್ಲಿ ಓಡಿಸಿದರು. ಹೆಜ್ಜೆಯನ್ನು ಚಿಕ್ಕದು ಮಾಡಿದರು, ಇನ್ನೂ ಚಿಕ್ಕದು ಮಾಡಿದರು, ಎಣಿಸುವ ವಿಧಾನವನ್ನೇ ಬದಲಿಸಿದರು. ಪ್ರತಿ ಸಲವೂ ಆ ಎರಡು ನೌಕೆಗಳು ಬೇರೆಯಾದವು, ಪ್ರತಿ ಸಲವೂ ಅವೇ ಎರಡು ದಾರಿ ಹಿಡಿದವು. "ಗಲತ್ ಇದ್ದಿದ್ರ ಒಂದೊಂದು ಸಲ ಒಂದೊಂದು ಕಡೆ ಹೋಗ್ತಿತ್ತು" ಎಂದು ಹಾಳೆಗಳನ್ನು ನನ್ನ ಮುಂದೆ ಹರಡಿ ತೋರಿಸಿದರು. "ಇದು ಬಿದ್ದಾಗೊಮ್ಮೆ ಅದೇ ಹಾದಿ ಹಿಡಿತದ. ಅಂದ ಮ್ಯಾಲ ಅಲ್ಲಿ ಹಾದಿ ಅದ." ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ಹಾದಿಗೆ ಹೊರಗಿನಿಂದ ನೌಕೆಯನ್ನು ತಂದು ಸೇರಿಸುವುದು ಹೇಗೆ, ಸರಿಯಾದ ಗಳಿಗೆಯಲ್ಲಿ ಸಣ್ಣದೊಂದು ದೂಡಿಕೆ ಕೊಟ್ಟರೆ ಇಂಧನ ಸುಡದೆ ಎಷ್ಟು ದೂರ ಹೋಗಬಹುದು ಎಂದು ಬರೆದರು. ಪರೀಕ್ಷಕರು ತಪ್ಪು ಎಂದ ಕೊನೆಯ ಅಧ್ಯಾಯ ಬೆಳೆದು ಪ್ರಬಂಧದ ಅರ್ಧವಾಯಿತು. ನಾನು ಮತ್ತೆ ಮೊದಲಿನಿಂದ ಟೈಪು ಮಾಡಿದೆ.

ಮೌಖಿಕ ಪರೀಕ್ಷೆ ಗುಲ್ಬರ್ಗದಲ್ಲಿ ನಡೆಯಿತು. ಯಾರು ಬೇಕಾದರೂ ಕೂತು ಕೇಳಬಹುದೆಂದು ಗೊತ್ತಾಗಿ ಆಯಿ, ನಾನು ಇಬ್ಬರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಪ್ರಬಂಧವನ್ನು ವಾಪಸ್ ಕಳಿಸಿದ್ದ ಪರೀಕ್ಷಕರೇ ಬಂದಿದ್ದರು. ಬಾಹ್ಯಾಕಾಶ ಕೇಂದ್ರದಿಂದ ಇನ್ನೊಬ್ಬರು ಬಂದಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ. ಮೊದಲಿನವರು ಹಾಳೆ ತಿರುವಿ ತಿರುವಿ, ಹೆಜ್ಜೆಯ ಬಗ್ಗೆ, ವಿಧಾನದ ಬಗ್ಗೆ ಬಹಳ ಕೇಳಿದರು. ಬಾಯಿಯವರು ಒಂದೊಂದಕ್ಕೂ ಬೋರ್ಡಿಗೆ ತಿರುಗಿ ಬರೆದು ಉತ್ತರಿಸಿದರು. ಒಂದು ಪ್ರಶ್ನೆಗೆ ಮಾತ್ರ "ಇದು ನನಗೆ ಗೊತ್ತಿಲ್ಲ, ಇನ್ನೂ ಯಾರಿಗೂ ಗೊತ್ತಿಲ್ಲ ಅನಿಸುತ್ತದೆ" ಎಂದರು. ಆ ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನನ್ನ ಆಕ್ಷೇಪ ಹಿಂತೆಗೆದುಕೊಳ್ಳುತ್ತೇನೆ" ಎಂದರು. ದೊಡ್ಡ ಮನುಷ್ಯರು ಎಂದು ನನಗೆ ಆಗ ಅನಿಸಿತು.

ಕೇಂದ್ರದಿಂದ ಬಂದವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು. ಅದಕ್ಕೆ ಬಾಯಿಯವರು ಕೊಟ್ಟ ಉತ್ತರಕ್ಕೆ ಕೂತಿದ್ದವರೆಲ್ಲ ನಕ್ಕು ಮೇಜು ತಟ್ಟಿದರು. ಆಯಿಗೆ ಏನೂ ತಿಳಿಯದೆ ನನ್ನ ಮೊಣಕೈ ಹಿಡಿದುಕೊಂಡರು. ಹೊರಗೆ ಬಂದ ಕೂಡಲೇ ಮಗಳನ್ನು ಕೇಳಿದರು:

"ಆ ಕಡೀ ಸಾಹೇಬರು ಏನು ಕೇಳಿದ್ರು?"

"ಬೀಳೂದು ಗೊತ್ತಿದ್ದೂ ಆ ಜಾಗದಾಗ ಯಾಕ ಇಡಬೇಕು ಅಂತ ಕೇಳಿದ್ರು ಆಯಿ."

"ನೀ ಏನಂದಿ?"

"ಬೀಳೂದಂತೂ ಖರೆ, ಯಾವ ಕಡೆ ಬೀಳಬೇಕು ಅನ್ನೂದು ನಮ್ಮ ಕೈಯಾಗ ಅದ ಅಂದೆ."

ಆಯಿ "ಬರೋಬರ್ ಅಂದಿ" ಎಂದರು. ಆಮೇಲೆ ನಾವು ಮೂವರೂ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ತಿಂದೆವು.

ನೌಕರಿ ಕಾಯಂ ಆಯಿತು. ಬಾಹ್ಯಾಕಾಶ ಕೇಂದ್ರದವರು ಬಾಯಿಯವರನ್ನು ಬೇಸಿಗೆಯ ರಜೆಯಲ್ಲಿ ಕರೆಸಿಕೊಂಡರು. ಅಲ್ಲಿಯ ಎಂಜಿನಿಯರುಗಳ ಜೊತೆ ಕೂತು ಅವರು ಒಂದು ನೌಕೆಯ ಪೂರ್ತಿ ದಾರಿಯನ್ನು ಲೆಕ್ಕ ಹಾಕಿದರು. ಭೂಮಿಯಿಂದ ಹೊರಟು, ಆ ಹಾದಿ ಸೇರಿ, ಸೂರ್ಯನಿಗೆ ಎದುರಾಗಿ ನಿಲ್ಲುವವರೆಗೆ. ಬೇಸಿಗೆ ಕಳೆದು ಬಂದಾಗ ಅವರ ಮುಖದಲ್ಲಿ ಇದ್ದಂಥ ಕಳೆಯನ್ನು ನಾನು ಅವರಲ್ಲಿ ಬೇರೆ ಯಾವತ್ತೂ ಕಂಡಿಲ್ಲ. ಆದರೆ ವರ್ಷ ತುಂಬುವುದರೊಳಗೆ ಸುದ್ದಿ ಬಂತು. ಅಷ್ಟು ದೂರ ಒಯ್ಯುವ ರಾಕೆಟ್ಟು ನಮ್ಮಲ್ಲಿ ಇಲ್ಲ, ಸದ್ಯಕ್ಕೆ ಆಗುವಂತೆಯೂ ಕಾಣುವುದಿಲ್ಲ, ಯೋಜನೆಯನ್ನು ಬದಿಗಿಟ್ಟಿದ್ದೇವೆ ಎಂದು. ಕೇಳಿದ ದಿನ ನಾನು ಅವರ ಖೋಲಿಗೆ ಹೋದೆ. ಮರುದಿನದ ಪಾಠಕ್ಕೆ ಪುಸ್ತಕ ತೆರೆದು ಕೂತಿದ್ದರು.

"ಬ್ಯಾಸರ ಆಗಲಿಲ್ಲೇನ್ರಿ ಬಾಯಾರ?"

"ಆಗ್ಯದ" ಎಂದರು. ಪುಟ ತಿರುವಿದರು. "ಆದ್ರ ಲೆಕ್ಕ ಸರಿ ಅದ. ನಾವಿನ್ನೂ ಹೋಗಿಲ್ಲ, ಅಷ್ಟೇ." ಪುಸ್ತಕದಿಂದ ತಲೆಯೆತ್ತಿ ಕೇಳಿದರು: "ಐತವಾರ ನಿನ್ನ ಕ್ಲಾಸು ಖಾಲಿ ಇರ್ತದಲ್ಲ?"

ಮುಂದಿನ ಭಾನುವಾರ ನಾವು ಟೈಪ್ ಯಂತ್ರಗಳನ್ನು ಗೋಡೆಯ ಕಡೆ ಸರಿಸಿದೆವು. ಕಾಲೇಜಿನ ಹಳೆಯ ಬೋರ್ಡೊಂದನ್ನು ತಂದು ನಿಲ್ಲಿಸಿದೆವು. ಬಿ.ಎಸ್ಸಿ. ಓದುವ ನಾಲ್ಕಾರು ಮಕ್ಕಳು ಬಂದರು, ಇಬ್ಬರು ನಿರ್ಣಾದಿಂದ, ಒಬ್ಬಳು ಬೇಮಳಖೇಡದಿಂದ ಮುಂಜಾನೆಯ ಬಸ್ಸು ಹಿಡಿದು ಬಂದಿದ್ದಳು. ಬಾಯಿಯವರು ಬೋರ್ಡಿನ ಮೇಲೆ ಸೂರ್ಯ, ಭೂಮಿ ಬರೆದು, ನಡುವೆ ಒಂದು ಚುಕ್ಕೆ ಇಟ್ಟರು. ಬೇಮಳಖೇಡದ ಹುಡುಗಿ ಅಂಜುತ್ತಲೇ ಕೇಳಿದಳು:

"ಬಾಯಾರ, ಇದು ಪರೀಕ್ಷಾದಾಗ ಬರ್ತದೇನ್ರಿ?"

"ಇಲ್ಲ."

"ಮತ್ತ ಯಾಕ್ರಿ?"

"ನಮ್ಮವರು ಒಂದಿನ ಇಲ್ಲಿಗೆ ಹೋಗವ್ರೇ" ಎಂದು ಬಾಯಿಯವರು ಆ ಚುಕ್ಕೆಯ ಮೇಲೆ ಬೆರಳಿಟ್ಟರು. "ಅವತ್ತ ನಾ ಇರ್ತೀನೋ ಇಲ್ಲೋ. ಲೆಕ್ಕ ಬಲ್ಲವರು ಬೇಕಾಗ್ತಾರ. ಬರಕೊಳ್ರಿ."